ಗುರುವಾರ ಒಂಬತ್ತೂವರೆ

ಕಾಚಿಗುಡದ ಅತ್ತೆಯ ಮನೆಯಲ್ಲಿ ವಾರದ ಆರು ದಿನ ರಾತ್ರಿಯೂಟ ಹತ್ತರ ಮೇಲೆ. ಗುರುವಾರ ಮಾತ್ರ ಒಂಬತ್ತೂಕಾಲಿಗೆಲ್ಲ ತಟ್ಟೆ ತೊಳೆದು ಬೋರಲು ಹಾಕಿ ಆಗಿರುತ್ತಿತ್ತು. ಅತ್ತೆ ಅಡಕೆ ಡಬ್ಬಿ ಹಿಡಿದುಕೊಂಡು ಬಂದು ಗೋಡೆಗೊರಗಿ ಕೂರುವಳು. ಮಾಮಾ ಕನ್ನಡಕ ಒರೆಸಿಕೊಳ್ಳುವರು. ಮಹಡಿ ಮೇಲಿನ ಬಾಡಿಗೆಯ ತೆಲುಗು ದಂಪತಿ ತಮ್ಮ ಮನೆಯಲ್ಲಿ ಟಿವಿ ಇದ್ದೂ ಕೆಳಗಿಳಿದು ಬರುವರು. ನಗುವುದಕ್ಕೆ ಜೊತೆ ಬೇಕು ಅಂತ ಆ ಗಂಡನ ಸಮಜಾಯಿಷಿ. ಒಂಬತ್ತೂವರೆಗೆ ಈಟಿವಿಯಲ್ಲಿ ‘ಜಬರ್ದಸ್ತ್’ ಎಂಬ ತೆಲುಗು ಹಾಸ್ಯ ಕಾರ್ಯಕ್ರಮ ಶುರು.

ಹೈದರಾಬಾದಿಗೆ ಕೆಲಸದ ಮೇಲೆ ಹೋದಾಗಲೆಲ್ಲ ಆ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದ ನನಗೆ, ಟಿವಿಗಿಂತ ಟಿವಿ ನೋಡುವವರನ್ನು ನೋಡುವ ಚಟ ಹತ್ತಿದ್ದು ಅಲ್ಲಿಯೇ. ಮಾಮಾ ನಗುತ್ತಿದ್ದುದು ರಾಕೆಟ್ ರಾಘವನ ಗಂಡ ಹೆಂಡತಿ ಜಗಳಕ್ಕೆ. ಮೊಮ್ಮಕ್ಕಳಿಗೆ ಗೆಟಪ್ ಶ್ರೀನು ಯಾವ ವೇಷದಲ್ಲಿ ಬಂದರೂ ಸಾಕು. ಮಗನಿಗೆ ಹೈಪರ್ ಆದಿಯ ಪಂಚ್‌ಗಳು ಬೇಕು. ಉಸಿರು ತೆಗೆದುಕೊಳ್ಳಲು ಬಿಡದ ಹಾಗೆ ಒಂದರ ಬಾಲ ಹಿಡಿದು ಇನ್ನೊಂದು. ಸೊಸೆಗೆ ಒಂದು ಅಭ್ಯಾಸವಿತ್ತು. ಮಾತು ಎರಡರ್ಥದ ಕಡೆ ತಿರುಗುವ ಸುಳಿವು ಸಿಕ್ಕ ಕೂಡಲೇ ‘ಹಾಲು ಉಕ್ಕಿತೋ ಏನೋ’ ಅನ್ನುತ್ತ ಎದ್ದು ಒಳಗೆ ಹೋಗುವಳು. ಒಲೆ ಆರಿಸಿ ಒಂದು ತಾಸಾಗಿರುತ್ತಿತ್ತು. ಮೂರು ನಿಮಿಷ ಬಿಟ್ಟು ಹೊರಗೆ ಬಂದಾಗ ಅವಳ ಮುಖದ ಮೇಲೆ ಸಣ್ಣ ನಗು ಇರುತ್ತಿದ್ದುದನ್ನು ನಾನು ನೋಡಿದ್ದೇನೆ. ಅಡುಗೆಮನೆಗೂ ಟಿವಿಗೂ ನಡುವೆ ಇದ್ದದ್ದು ಬರೀ ಪರದೆ.

ಅತ್ತೆಯ ನಗು ಇವರೆಲ್ಲರಿಗಿಂತ ಬೇರೆ. ಬೀದರ ಕಡೆಯಿಂದ ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಅವಳ ತೆಲುಗು ತರಕಾರಿ ಬಂಡಿಯವನ ಜೊತೆಗಿನ ವ್ಯವಹಾರ ದಾಟಿ ಮುಂದೆ ಹೋಗಿರಲಿಲ್ಲ. ಅರ್ಧಕ್ಕರ್ಧ ಜೋಕು ತಿಳಿಯದು. ಆದರೂ ಎಲ್ಲರಿಗಿಂತ ಜೋರಾಗಿ ನಗುವಳು. ಏನು ತಿಳೀತು ಅತ್ತ್ಯಾ ಅಂತ ಒಮ್ಮೆ ಕೇಳಿದೆ. “ರೋಜಾ ನಗಾಕ್ಹತ್ಯಾಳಲ್ಲೋ ತಮ್ಮಾ, ಅಷ್ಟು ನಗಬೇಕಾದ್ರ ಏನೋ ಛೊಲೋದೇ ಅಂದಿರಬೇಕು” ಅಂದಳು. ರೋಜಾ ಆ ಕಾರ್ಯಕ್ರಮದ ತೀರ್ಪುಗಾರ್ತಿ. ಟಿವಿ ಹಾಸ್ಯದ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಇಷ್ಟು ಖಚಿತವಾದ ಮಾತು ಸಿಕ್ಕಿಲ್ಲ.

‘ಜಬರ್ದಸ್ತ್’ ಶುರುವಾದದ್ದು 2013ರ ಫೆಬ್ರುವರಿಯಲ್ಲಿ. ತಯಾರಿಸಿದ್ದು ಮಲ್ಲೆಮಾಲ ಸಂಸ್ಥೆ. ‘ಅಮ್ಮೋರು’, ‘ಅರುಂಧತಿ’ ಸಿನಿಮಾಗಳನ್ನು ಮಾಡಿದ ಶ್ಯಾಮ್‌ಪ್ರಸಾದ್ ರೆಡ್ಡಿಯವರದು. ಪೂರ್ತಿ ಹೆಸರು ‘ಜಬರ್ದಸ್ತ್ ಖತರ್ನಾಕ್ ಕಾಮಿಡಿ ಶೋ’. ತೆಲುಗು ಕಾರ್ಯಕ್ರಮ, ಹೆಸರಿನಲ್ಲಿ ಮಾತ್ರ ಒಂದೂ ತೆಲುಗು ಪದ ಇಲ್ಲ. ಎರಡು ಉರ್ದು, ಎರಡು ಇಂಗ್ಲಿಷ್. ಹೈದರಾಬಾದಿನಲ್ಲಿ ಇದು ಯಾರಿಗೂ ವಿಚಿತ್ರ ಅನಿಸುವುದಿಲ್ಲ. ಮಿರ್ಚಿ ಬಜ್ಜಿಯೂ ಜಬರ್ದಸ್ತ್, ಮಳೆಯೂ ಜಬರ್ದಸ್ತ್. ನಮ್ಮಲ್ಲಿ ಅದೇ ಪದಕ್ಕೆ ಒಂದು ‘ಇ’ಕಾರ ಅಂಟಿಕೊಂಡು ಒತ್ತಾಯ, ದಬ್ಬಾಳಿಕೆ ಎಂಬ ಅರ್ಥ ಬಂದಿದೆ. ಫಾರಸಿಯಲ್ಲಿ ಜಬರ್ ಅಂದರೆ ಮೇಲೆ, ದಸ್ತ್ ಅಂದರೆ ಕೈ. ನೇರ ಕನ್ನಡದಲ್ಲಿ ಹೇಳಿದರೆ ಮೇಲುಗೈ. ಈ ಅರ್ಥವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾರ್ಯಕ್ರಮದ ಕಟ್ಟು ಸರಳ. ಒಬ್ಬೊಬ್ಬ ಟೀಮ್ ಲೀಡರ್, ಅವನ ಹಿಂದೆ ನಾಲ್ಕಾರು ಜನ. ಒಂದು ಸೋಫಾ, ಒಂದು ಬಾಗಿಲ ಚೌಕಟ್ಟು, ಬೇಕಾದರೆ ಒಂದು ಮಂಚ. ಹತ್ತು ಹದಿನೈದು ನಿಮಿಷದ ಸ್ಕಿಟ್. ಮುಗಿದ ಮೇಲೆ ತೀರ್ಪುಗಾರರು ಅಂಕ ಕೊಡುತ್ತಾರೆ. ಹೆಣ್ಣಿನ ಪಾತ್ರಗಳನ್ನು ಬಹುಪಾಲು ಗಂಡಸರೇ ಮಾಡುತ್ತಿದ್ದರು; ಅದಕ್ಕೆ ಅಲ್ಲಿ ‘ಲೇಡಿ ಗೆಟಪ್’ ಎಂಬ ಹೆಸರು. ಚಮ್ಮಕ್ ಚಂದ್ರ, ಧನ್‌ರಾಜ್, ಚಲಾಕಿ ಚಂಟಿ, ರೋಲರ್ ರಘು, ವೇಣು ಹೀಗೆ ಮೊದಲ ಸಾಲಿನವರ ಹೆಸರುಗಳಲ್ಲೇ ಒಂದು ಬೀದಿ ಇದೆ. ಹಿಂದಿನಿಂದ ಬಂದ ಸುಡಿಗಾಲಿ ಸುಧೀರ್ ಮೊದಲು ಜಾದೂ ಮಾಡುತ್ತಿದ್ದವನು. 2014ರಲ್ಲಿ ಶುಕ್ರವಾರಕ್ಕೂ ‘ಎಕ್ಸ್‌ಟ್ರಾ ಜಬರ್ದಸ್ತ್’ ಸೇರಿಕೊಂಡಿತು. ನಿರೂಪಣೆಗೆ ಅನಸೂಯ, ರಶ್ಮಿ. ತೀರ್ಪಿನ ಕುರ್ಚಿಯಲ್ಲಿ ಚಿರಂಜೀವಿಯ ತಮ್ಮ ನಾಗಬಾಬು ಮತ್ತು ರೋಜಾ. ನಮ್ಮವರಿಗೆ ರೋಜಾ ಹೊಸಬರಲ್ಲ, 1993ರ ‘ಗಡಿಬಿಡಿ ಗಂಡ’ದಲ್ಲಿ ರವಿಚಂದ್ರನ್ ಜೊತೆ ನೋಡಿದ್ದೇವೆ.

ಆ ಎರಡು ಕುರ್ಚಿಗಳ ಕೆಲಸ ಅಂಕ ಕೊಡುವುದು ಅಂತ ಎಲ್ಲರೂ ತಿಳಿದಿದ್ದರು. ಅಂಕವನ್ನು ಯಾರು ನೆನಪಿಟ್ಟುಕೊಂಡಿದ್ದಾರೆ? ಅವರ ನಿಜವಾದ ಕೆಲಸ ನಗುವುದು. ಸ್ಕಿಟ್ಟಿನಲ್ಲಿ ಒಂದು ಮಾತು ಬಿದ್ದ ಕೂಡಲೇ ಕ್ಯಾಮೆರಾ ಆಡಿದವನನ್ನು ಬಿಟ್ಟು ಇವರ ಕಡೆ ಓಡುತ್ತಿತ್ತು. ನಾಗಬಾಬು ಮೇಜು ಕುಟ್ಟುವರು, ಕುರ್ಚಿಯಲ್ಲಿ ಹಿಂದಕ್ಕೆ ವಾಲುವರು. ರೋಜಾ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣೀರು ಒರೆಸಿಕೊಳ್ಳುವರು. ಮಾತು ಹದ್ದು ಮೀರಿದಾಗ ‘ಛೀ’ ಅನ್ನುವಂಥ ಮುಖ ಮಾಡಿ ಆಮೇಲೆ ನಗುವರು. ಮನೆಯ ಸೊಸೆಯ ‘ಹಾಲು ಉಕ್ಕಿತು’ ಅಲ್ಲಿ ಹೀಗೆ ನಡೆಯುತ್ತಿತ್ತು. ಸಂಕೋಚವನ್ನೂ ಅವರೇ ಪಡುತ್ತಿದ್ದರು. ನೋಡುವವರಿಗೆ ಉಳಿಯುತ್ತಿದ್ದುದು ಬರೀ ಮಜಾ.

ನೋಡುವವರ ಪರವಾಗಿ ನಗುವ ಟಿವಿಯ ಈ ಹಳೆಯ ಚಾಳಿ ಬೇರೆ ದೇಶದಿಂದ ಬಂದದ್ದು. 1950ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಡಗ್ಲಸ್ ಎಂಬ ಶಬ್ದ ತಂತ್ರಜ್ಞ ಒಂದು ಪೆಟ್ಟಿಗೆ ಮಾಡಿದ. ಅದರೊಳಗೆ ಬಗೆಬಗೆಯ ನಗೆಗಳ ಧ್ವನಿಮುದ್ರಣ. ಗುಂಡಿ ಒತ್ತಿದರೆ ಕಿಸಿಕಿಸಿ, ಇನ್ನೊಂದು ಒತ್ತಿದರೆ ಗಹಗಹ. ಪ್ರೇಕ್ಷಕರಿಲ್ಲದೆ ಚಿತ್ರೀಕರಿಸಿದ ಹಾಸ್ಯಕ್ಕೆ ಆಮೇಲೆ ನಗು ಸುರಿದರಾಯಿತು. 1975ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ ಹನ್ನೊಂದೂವರೆಗೆ ‘ಸ್ಯಾಟರ್ಡೇ ನೈಟ್ ಲೈವ್’ ಶುರುವಾದಾಗ ಅದರ ಹೆಗ್ಗಳಿಕೆಗಳಲ್ಲೊಂದು ಇದೇ: ಎದುರಿಗೆ ಜನ ಕೂತಿದ್ದಾರೆ, ಜೋಕು ಸತ್ತರೆ ಆ ಸಾವೂ ನೇರ ಪ್ರಸಾರ. ನಮ್ಮ ‘ಜಬರ್ದಸ್ತ್’ ಮಾಡಿಕೊಂಡದ್ದು ಮೂರನೆಯ ದಾರಿ. ಪೆಟ್ಟಿಗೆಯ ನಗೆಗೆ ಮುಖವಿಲ್ಲ, ಪ್ರೇಕ್ಷಕರ ನಗೆಗೆ ಗ್ಯಾರಂಟಿ ಇಲ್ಲ. ಪರಿಚಯದ ಎರಡು ಮುಖಗಳಿಗೆ ನಗುವ ಗುತ್ತಿಗೆ ಕೊಟ್ಟರೆ ಎರಡೂ ಸಿಕ್ಕವು.

ಆ ಎರಡು ಮುಖಗಳೂ ಸಾಮಾನ್ಯದವಲ್ಲ. ರೋಜಾ 2014ರಲ್ಲಿ ವೈಎಸ್‌ಆರ್ ಕಾಂಗ್ರೆಸ್ಸಿನಿಂದ ಆಂಧ್ರದ ನಗರಿ ಕ್ಷೇತ್ರದ ಶಾಸಕಿಯಾದರು. 2015ರ ಡಿಸೆಂಬರಿನಲ್ಲಿ ವಿಧಾನಸಭೆ ಅವರನ್ನು ಒಂದು ವರ್ಷ ಅಮಾನತು ಮಾಡಿತು. ಸಭೆಗೆ ಬಾಗಿಲು ಮುಚ್ಚಿತ್ತು, ಗುರುವಾರದ ಕುರ್ಚಿಗೆ ಯಾರ ಅಡ್ಡಿಯೂ ಇರಲಿಲ್ಲ. ಪಕ್ಕದ ನಾಗಬಾಬು ತಮ್ಮ ಪವನ್ ಕಲ್ಯಾಣ್‌ನ ಜನಸೇನೆಯಿಂದ 2019ರಲ್ಲಿ ನರಸಾಪುರಕ್ಕೆ ನಿಂತು ಸೋತರು. ಹಗಲು ಒಬ್ಬರ ಪಕ್ಷ ಇನ್ನೊಬ್ಬರ ಪಕ್ಷದ ಮೇಲೆ ಕೆಂಡ ಕಾರುತ್ತಿದ್ದ ಕಾಲದಲ್ಲಿ ರಾತ್ರಿ ಇಬ್ಬರೂ ಒಂದೇ ಜೋಕಿಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಮಹಡಿ ಮೇಲಿನ ತೆಲುಗು ಗೃಹಸ್ಥ ಆಂಧ್ರದವನು. ಅವನ ಹೆಂಡತಿ ತೆಲಂಗಾಣದವಳು. ‘ಎಲೆಕ್ಷನ್ನು ಇವರು ನಮ್ಮ ಮುಂದೆ ಮಾಡೋ ಸ್ಕಿಟ್ಟು’ ಎಂದು ಅವಳು ಒಮ್ಮೆ ಅಂದದ್ದಕ್ಕೆ ಗಂಡ ನಗಲಿಲ್ಲ. ನಾಗಬಾಬು 2019ರ ಕೊನೆಯಲ್ಲಿ ಬಿಟ್ಟುಹೋದರು. ರೋಜಾ 2022ರ ಏಪ್ರಿಲಿನಲ್ಲಿ ಮಂತ್ರಿಯಾದ ಮೇಲೆ ಬಿಟ್ಟರು. ಅತ್ತೆಗೆ ಆ ವಾರದಿಂದ ಜೋಕುಗಳು ತಿಳಿಯುವುದು ನಿಂತುಹೋಯಿತು.

ಹೈದರಾಬಾದಿನ ರಾತ್ರಿಗೆ ನಗುವುದನ್ನು ಟಿವಿ ಕಲಿಸಿದ್ದಲ್ಲ. ಈ ಊರಲ್ಲಿ 1962ರಲ್ಲಿ ‘ಜಿಂದಾದಿಲಾನ್‌-ಎ-ಹೈದರಾಬಾದ್’ ಎಂಬ ಒಂದು ಸಂಘ ಹುಟ್ಟಿತು. ನಗೆಯವರ ಸಂಘ. 1968ರಿಂದ ‘ಶಿಗೂಫಾ’ ಎಂಬ ಹಾಸ್ಯದ ಮಾಸಪತ್ರಿಕೆ. ಈ ಗುಂಪಿನ ದೊಡ್ಡ ಹೆಸರು ಮುಜ್ತಬಾ ಹುಸೇನ್, 1936ರಲ್ಲಿ ಹುಟ್ಟಿದ್ದು ನಮ್ಮ ಗುಲಬರ್ಗಾ ಸೀಮೆಯಲ್ಲಿ. 1962ರಲ್ಲೇ ‘ಸಿಯಾಸತ್’ ಪತ್ರಿಕೆಗೆ ಹಾಸ್ಯದ ಅಂಕಣ ಬರೆಯತೊಡಗಿದರು. 2007ರಲ್ಲಿ ಪದ್ಮಶ್ರೀ ಬಂತು, 2019ರ ಡಿಸೆಂಬರಿನಲ್ಲಿ ಅದನ್ನು ಹಿಂದಿರುಗಿಸುವುದಾಗಿ ಹೇಳಿದರು, ಮರುವರ್ಷ ತೀರಿಕೊಂಡರು. ದಖನಿಯಲ್ಲಿ ನಗೆಗವನ ಬರೆದ ಸುಲೇಮಾನ್ ಖತೀಬ್ ಬೀದರ ಜಿಲ್ಲೆಯ ಚಿಟಗುಪ್ಪದವರು, ಬಾಳಿದ್ದು ಗುಲಬರ್ಗಾದಲ್ಲಿ. 1956ರ ತನಕ ಬೀದರ, ಗುಲಬರ್ಗಾ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು ತಾನೆ. ನಗೆಯ ಸರಕು ಆ ಕಡೆಯಿಂದ ಈ ಕಡೆಗೆ ಹೋಗುವುದಕ್ಕೆ ಯಾವ ನಾಕಾ ಇರಲಿಲ್ಲ.

ಹಾಸ್ಯದ ಮುಶಾಯಿರಾ ಅಂದರೆ ರಾತ್ರಿ ಊಟವಾದ ಮೇಲೆ ಆರಂಭ, ಬೆಳಗಿನ ಜಾವಕ್ಕೆ ಮುಕ್ತಾಯ. ಮಾಮಾ ಹುಡುಗನಾಗಿದ್ದಾಗ ದೊಡ್ಡವರ ಕಣ್ಣು ತಪ್ಪಿಸಿ ಹೋಗಿ ಕೂತಿದ್ದುಂಟು. ಅಲ್ಲಿ ಸಾಲು ಹಿಡಿಸಿದರೆ ‘ಮುಕರ್ರರ್’ ಎಂದು ಕೂಗುವರು, ಕವಿ ಮತ್ತೆ ಹೇಳಬೇಕು. ಹಿಡಿಸದಿದ್ದರೆ ಹೂಟಿಂಗ್. ಹೂಟಿಂಗ್ ಮಾಡುವುದಕ್ಕೂ ಒಂದು ನಾಜೂಕು ಬೇಕು. ಕವಿ ಸಾಲಿನ ಮೊದಲರ್ಧ ಹೇಳುತ್ತಿದ್ದ ಹಾಗೆ ಹಿಂದಿನಿಂದ ಯಾರೋ ಪ್ರಾಸ ಹೊಂದಿಸಿ ಉಳಿದರ್ಧವನ್ನು ಕೆಡಿಸಿ ಕೂಗುತ್ತಿದ್ದ. ಸಭೆ ಅವನಿಗೆ ನಗುತ್ತಿತ್ತು. ನಮ್ಮ ಕಂಪನಿ ನಾಟಕಗಳಲ್ಲೂ ಇದೇ ತಾನೆ. ಬಾದಾಮಿ ಬನಶಂಕರಿ ಜಾತ್ರೆಯ ತಗಡಿನ ಥೇಟರಿನಲ್ಲಿ ಹಿಂದಿನ ಸಾಲಿನ ಸಿಳ್ಳೆ, ‘ಒನ್ಸ್ ಮೋರ್’ ಎಂಬ ಕೂಗು ಕೇಳಿ ನಟ ಮಾತನ್ನು ಉದ್ದ ಮಾಡುವುದೋ ಮೊಟಕು ಮಾಡುವುದೋ ನಿರ್ಧರಿಸುತ್ತಾನೆ. ಮಾಸ್ಟರ್ ಹಿರಣ್ಣಯ್ಯನವರು ಆ ದಿನದ ಪೇಪರು ಓದಿ ರಂಗಕ್ಕೆ ಬಂದು, ಮುಂದಿನ ಸಾಲಿನಲ್ಲಿ ಯಾವ ಮಂತ್ರಿ ಕೂತಿದ್ದಾರೆ ಅಂತ ನೋಡಿ ಮಾತು ಹೆಣೆದದ್ದು ಎಲ್ಲರಿಗೂ ಗೊತ್ತು. ಅಲ್ಲೆಲ್ಲ ಹಾಸ್ಯಗಾರನಿಗೆ ಎದುರಿನವರ ಮುಖ ಕಾಣುತ್ತಿತ್ತು. ಯಾರಿಗೆ ಚುಚ್ಚಿತು, ಯಾರಿಗೆ ನಾಟಿತು ಅಲ್ಲಲ್ಲೇ ಗೊತ್ತಾಗುತ್ತಿತ್ತು. ಮಾಫಿ ಕೇಳಬೇಕಾದರೂ ಅಲ್ಲೇ ಇನ್ನೊಂದು ಜೋಕಿನಲ್ಲಿ ಕೇಳಿಬಿಡಬಹುದಿತ್ತು.

ಟಿವಿ ನೋಡುವವನ ಹೂಟಿಂಗ್ ಟಿವಿಗೆ ಕೇಳುವುದಿಲ್ಲ. ಅವನ ಪರವಾಗಿ ನಗುವುದಕ್ಕೆ ಇಬ್ಬರನ್ನು ನೇಮಿಸಿದ್ದಾರೆ, ಬೈಯುವುದಕ್ಕೆ ಯಾರನ್ನೂ ನೇಮಿಸಿಲ್ಲ. ಪರದೆಯ ಕೆಳಗೆ ಆಗಾಗ ಒಂದು ಸಾಲು ಓಡುತ್ತದೆ, ಆಕ್ಷೇಪವಿದ್ದರೆ ದೂರು ಕೊಡಿ ಅಂತ. 2011ರಲ್ಲಿ ಚಾನೆಲ್‌ಗಳವರೇ ಸೇರಿ ಮಾಡಿಕೊಂಡ ದೂರು ಮಂಡಳಿಯ ವಿಳಾಸ ಅದು. ಅದನ್ನು ಬರೆದುಕೊಳ್ಳಲು ಪೆನ್ನು ಹುಡುಕುವಷ್ಟರಲ್ಲಿ ಸಾಲು ಓಡಿಹೋಗಿರುತ್ತದೆ. ಇನ್ನೊಂದು ಲೆಕ್ಕ ರೇಟಿಂಗಿನದು. ಆಯ್ದ ಮನೆಗಳ ಟಿವಿಗೆ ಜೋಡಿಸಿದ ಯಂತ್ರ ಯಾವ ಚಾನೆಲ್ ಎಷ್ಟು ನಿಮಿಷ ಓಡಿತು ಅಂತ ಬರೆದುಕೊಳ್ಳುತ್ತದೆ. ಸೊಸೆ ಅಡುಗೆಮನೆಯಲ್ಲಿ ನಿಂತ ಮೂರು ನಿಮಿಷ ಆ ಲೆಕ್ಕದಲ್ಲಿ ಖುಷಿಯಿಂದ ನೋಡಿದ ಮೂರು ನಿಮಿಷವೇ ಆಗುತ್ತದೆ.

ಹಾಗಾಗಿ ಈ ಕಾರ್ಯಕ್ರಮಕ್ಕೆ ನೋಡುಗರ ಉತ್ತರ ಬಂದಾಗಲೆಲ್ಲ ಬೇರೆ ಜಾಗದಲ್ಲಿ, ಬೇರೆ ವೇಷದಲ್ಲಿ, ತಡವಾಗಿ ಬಂದಿದೆ. 2014ರಲ್ಲಿ, ತೆಲಂಗಾಣ ಬೇರೆ ರಾಜ್ಯವಾದ ವರ್ಷವೇ, ಅದು ಏಟಿನ ರೂಪದಲ್ಲಿ ಬಂತು. ವೇಣು ಎಂಬ ಟೀಮ್ ಲೀಡರನ ಒಂದು ಸ್ಕಿಟ್ ತಮ್ಮ ಸಮುದಾಯವನ್ನು ಕೀಳಾಗಿ ತೋರಿಸಿದೆ ಎಂದು ಸಿಟ್ಟಾದ ಕೆಲವರು ಫಿಲ್ಮ್‌ನಗರದಲ್ಲಿ ಅವನ ಮೇಲೆ ಕೈಮಾಡಿದರು. ಸಮುದಾಯದ ಹೆಸರು ಗೌಡ. ಇಲ್ಲಿ ನಮ್ಮವರು ದಾರಿ ತಪ್ಪುವ ಸಂಭವ ಇದೆ. ಕರ್ನಾಟಕದಲ್ಲಿ ಗೌಡ ಅಂದರೆ ಊರ ಮುಖ್ಯಸ್ಥ, ತುಂಡು ಭೂಮಿಯಾದರೂ ಇರುವವನು. ತೆಲಂಗಾಣದ ಗೌಡರು ತಾಳೆ, ಈಚಲ ಮರ ಹತ್ತಿ ಕಳ್ಳು ಇಳಿಸುವವರು, ನಮ್ಮ ಈಡಿಗರ ಹಾಗೆ.

ಆ ಕಸುಬು ನೋಡಿದವರಿಗೆ ಸಿಟ್ಟಿನ ಬೇರು ಸ್ವಲ್ಪ ಕಂಡೀತು. ಸೊಂಟಕ್ಕೂ ಮರಕ್ಕೂ ಸುತ್ತಿದ ಒಂದು ಹಗ್ಗ. ಅದಕ್ಕೆ ಅಲ್ಲಿ ಮೋಕು ಅನ್ನುತ್ತಾರೆ. ಕತ್ತಿ, ಮಡಕೆ ಸಿಕ್ಕಿಸಿಕೊಂಡು ನಸುಕಿನಲ್ಲಿ ಮರ ಹತ್ತಬೇಕು. ಮಳೆ ಬಿದ್ದು ಕಾಂಡ ಜಾರಿದರೆ ಅಲ್ಲಿಗೆ ಮುಗಿಯಿತು. ಮರದಿಂದ ಬಿದ್ದು ಸತ್ತವರು, ಸೊಂಟ ಮುರಿದು ಮಂಚ ಹಿಡಿದವರು ಇಲ್ಲದ ಊರು ಆ ಕಡೆ ವಿರಳ. ಇದೇ ಜಾತಿಯ ಪಾಪಣ್ಣ ಎಂಬವನು ಔರಂಗಜೇಬ ಸತ್ತ ಮರುವರ್ಷ, 1708ರಲ್ಲಿ, ಜನ ಕಟ್ಟಿಕೊಂಡು ವಾರಂಗಲ್ಲಿಗೇ ನುಗ್ಗಿ ಕೊಳ್ಳೆ ಹೊಡೆದಿದ್ದ. ಮೊಘಲರು ಅವನನ್ನು ಹಿಡಿದು ಕೊಂದರೂ ಊರೂರಿನ ಕಥೆಗಾರರು ಇವತ್ತಿಗೂ ಅವನನ್ನು ಹಾಡುತ್ತಾರೆ. ಹಾಡಿನಲ್ಲಿ ಹೀಗೆ ಬದುಕಿದವರು ಸಿನಿಮಾ, ಟಿವಿಗೆ ಬಂದಾಗ ಮಾತ್ರ ತೂರಾಡುವ ಜನರ ನಡುವೆ ಮಡಕೆ ಹಿಡಿದು ನಿಂತ ನಗೆಪಾತ್ರ. ಅದಕ್ಕೆ ಹೊಡೆಯುವುದು ಉತ್ತರವೇ ಎಂದರೆ ಅಲ್ಲ. ಹೊಡೆತಕ್ಕೆ ಸಮರ್ಥನೆ ಹುಡುಕುವ ಇರಾದೆ ನನಗಿಲ್ಲ. ನಾಲ್ಕು ಜನ ಸೇರಿ ಒಬ್ಬನನ್ನು ಹೊಡೆಯುವುದು ನಮ್ಮ ಕನ್ನಡದ ಜಬರ್ದಸ್ತಿ, ಅಷ್ಟೆ. ನನ್ನನ್ನು ಕಾಡಿದ್ದು ಬೇರೆ. ಗುರುವಾರ ರಾತ್ರಿ ಯಾವುದೋ ಒಂದು ಹಳ್ಳಿಮನೆಯಲ್ಲಿ ಕಳ್ಳಿಳಿಸುವವನೊಬ್ಬ ಹೆಂಡತಿ ಮಕ್ಕಳ ಜೊತೆ ಟಿವಿ ಮುಂದೆ ಕೂತಿದ್ದಾನೆ. ಪರದೆಯ ಮೇಲೆ ಅವನ ಕಸುಬು ಬರುತ್ತದೆ. ತೀರ್ಪುಗಾರರು ಮೇಜು ಕುಟ್ಟಿ ನಗುತ್ತಾರೆ. ಮಕ್ಕಳು ಟಿವಿ ನೋಡಿ, ಅಪ್ಪನ ಕಡೆ ನೋಡುತ್ತಾರೆ. ಆ ಹೊತ್ತಿನಲ್ಲಿ ಅವನು ಎದ್ದು ಎಲ್ಲಿಗೆ ಹೋಗಬೇಕು?

ಇದರಲ್ಲಿ ಇನ್ನೊಂದು ತೊಡಕಿದೆ. ಏಟು ತಿಂದ ವೇಣು ಹೊರಗಿನವನಲ್ಲ, ತೆಲಂಗಾಣದ ಸಿರಿಸಿಲ್ಲದ ಕಡೆಯವನೇ. ತೆಲುಗು ಸಿನಿಮಾದಲ್ಲಿ ದಶಕಗಟ್ಟಲೆ ನಾಯಕ ಕರಾವಳಿ ಆಂಧ್ರದ ತಿದ್ದಿದ ತೆಲುಗು ಆಡಿದರೆ, ತೆಲಂಗಾಣದ ಮಾತು ಸಿಕ್ಕಿದ್ದು ರೌಡಿಗೆ, ಆಳಿಗೆ, ನಗೆಗಾರನಿಗೆ. ಬೇರೆ ರಾಜ್ಯ ಬೇಕು ಎಂದವರ ದೂರುಗಳ ಪಟ್ಟಿಯಲ್ಲಿ ನೀರು, ನೌಕರಿಯ ಜೊತೆಗೆ ಇದೂ ಇತ್ತು. ಬೀದರ, ಕಲಬುರಗಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಸೀರಿಯಲ್ಲುಗಳಲ್ಲಿ ನಮ್ಮ ಮಾತು ಬಂದರೆ ಅದರ ಹಿಂದೆಯೇ ನಗು ಬರುತ್ತದೆ ಅಂತ ಕಾಯುವ ಅಭ್ಯಾಸ ನಮಗೂ ಆಗಿಬಿಟ್ಟಿದೆ. ಮಂಗಳೂರಿನವರ ಪಾಡೂ ಅದೇ. ತನ್ನ ಮಾತನ್ನು ನಗೆಗೆ ಮಾರಿ ಹೊಟ್ಟೆ ಹೊರೆಯಬೇಕಾದ ಹುಡುಗ, ಅದೇ ಮಣ್ಣಿನ ಇನ್ನೊಬ್ಬರನ್ನು ನಗೆಗೆ ಇಟ್ಟು ಅವರ ಕೈಲಿ ಏಟು ತಿಂದ. ಯಾರ ಮೇಲೆ ಯಾರ ಕೈ ಮೇಲಾಯಿತು?

ಮುಂದಿನ ವರ್ಷಗಳಲ್ಲಿ ಉತ್ತರಗಳು ಅರ್ಜಿಯ ರೂಪ ಪಡೆದವು. 2017ರಲ್ಲಿ ಹೈಪರ್ ಆದಿಯ ಸ್ಕಿಟ್ಟಿನ ಮಾತು ಅನಾಥರನ್ನು ಹೀಯಾಳಿಸಿತು ಅಂತ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಹೋಯಿತು. 2021ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಕಾರ್ಯಕ್ರಮದಲ್ಲಿ ಬತುಕಮ್ಮ ಹಬ್ಬವನ್ನು, ಗೌರಮ್ಮನನ್ನು ಕುರಿತು ಆಡಿದ ಮಾತಿಗೆ ತೆಲಂಗಾಣದವರು ಪೊಲೀಸರ ಬಳಿ ಹೋದರು, ಆದಿ ಕ್ಷಮೆ ಕೇಳಿದ. ಪಟ್ಟಿ ಉದ್ದವಿದೆ, ಬಿಡಿ. ಕಾಚಿಗುಡದ ಮನೆಯಲ್ಲಿ ಇವು ಯಾವುವೂ ಎರಡು ದಿನಕ್ಕಿಂತ ಹೆಚ್ಚು ಚರ್ಚೆಯಾಗಲಿಲ್ಲ. “ಎಲ್ಲಾದಕ್ಕೂ ಸಿಟ್ಟಾದ್ರ ನಗೋದು ಯಾವುದಕ್ಕ?” ಅಂತ ಮಾಮಾ ಕೇಳುತ್ತಿದ್ದರು, ನಾನೂ ಹೂಂಗುಟ್ಟುತ್ತಿದ್ದೆ.

2022ರ ಕೊನೆಯ ಹೊತ್ತಿಗೆ ನಮ್ಮ ಸರದಿ ಬಂತು. ಅನಸೂಯ ಬಿಟ್ಟ ಜಾಗಕ್ಕೆ ಕರ್ನಾಟಕದ ಸೌಮ್ಯ ರಾವ್ ನಿರೂಪಕಿಯಾಗಿ ಬಂದರು. ಕನ್ನಡದ ಹುಡುಗಿ ಅಂತ ಗೊತ್ತಾದ ದಿನ ಅತ್ತೆ ಬಳಗಕ್ಕೆಲ್ಲ ಫೋನು ಹಚ್ಚಿ, ತನ್ನ ಮಗಳೇ ಪಾಸಾದಷ್ಟು ಸಂಭ್ರಮಪಟ್ಟಳು. ಆಕೆಯ ತೆಲುಗಿನ ಉಚ್ಚಾರದಲ್ಲಿ ಕನ್ನಡ ಇಣುಕುತ್ತಿತ್ತು. ಸ್ಕಿಟ್ ಬರೆಯುವವರು ಬಿಟ್ಟಾರೆಯೇ? ಅದನ್ನೇ ಎಳೆದಾಡಿ ಪಂಚ್ ಹೊಡೆಯತೊಡಗಿದರು. ಆಕೆ ಚೆನ್ನಾಗಿಯೇ ನಕ್ಕು ತಿರುಗಿ ಒಂದು ಹೇಳುತ್ತಿದ್ದರು. ಅದು ಆಟದ ನಿಯಮ, ಅವರಿಗೆ ಗೊತ್ತು. ನಮ್ಮ ಮನೆಯವರಿಗೆ ಮಾತ್ರ ಆ ನಿಯಮ ಏಕಾಏಕಿ ಮರೆತುಹೋಯಿತು. ಮಾಮಾ ಕನ್ನಡಕ ತೆಗೆದಿಟ್ಟರು. ಮಹಡಿ ಮೇಲಿನ ಗೃಹಸ್ಥ ಮನಸಾರೆ ನಗುತ್ತಿದ್ದ. ನಗುತ್ತ ನಗುತ್ತ ನಮ್ಮ ಕಡೆ ತಿರುಗಿದ, ಸುಮ್ಮನಾದ, ಟಿವಿಯ ಕಡೆ ನೋಡಿದ, ಆಮೇಲೆ ಕೆಮ್ಮಿದ. ಆ ಕೆಮ್ಮು ಮುಗಿಯುವ ತನಕ ಯಾರೂ ಮಾತಾಡಲಿಲ್ಲ. ಕೊನೆಗೆ ಸೊಸೆ, “ಸೌಂಡ್ ಜರ ಕಮ್ಮಿ ಮಾಡ್ರಿ” ಅಂದಳು. ಸೌಂಡು ಮೊದಲೇ ಕಮ್ಮಿ ಇತ್ತು.

ಮರುದಿನ ಬೆಳಗ್ಗೆ ಮಾಮಾ ಚಹಾ ಕುಡಿಯುತ್ತ, ಐವತ್ತು ವರ್ಷದ ಹಿಂದೆ ಆಫೀಸಿನಲ್ಲಿ ತಮ್ಮ ತೆಲುಗನ್ನು ಅಣಕಿಸುತ್ತಿದ್ದ ಒಬ್ಬನ ಕಥೆ ಹೇಳಿದರು. ಅಷ್ಟು ದಿನ ಆ ಮನೆಗೆ ಹೋಗಿ ಬಂದಿದ್ದೇನೆ, ಆ ಕಥೆ ಕೇಳಿದ್ದು ಅದೇ ಮೊದಲು.

ಅದಾಗಿ ಕೆಲವು ತಿಂಗಳಿಗೆ, 2023ರ ಮಾರ್ಚ್ 3ರಂದು, ‘ಬಲಗಂ’ ಎಂಬ ತೆಲುಗು ಸಿನಿಮಾ ಬಂತು. ಬಲಗಂ ಅಂದರೆ ನಮ್ಮ ಬಳಗವೇ. ದಿಲ್ ರಾಜು ಅವರ ಸಂಸ್ಥೆ ತಯಾರಿಸಿದ್ದು, ಪ್ರಿಯದರ್ಶಿ ನಾಯಕ. ನಿರ್ದೇಶಕ ವೇಣು ಯೆಲ್ದಂಡಿ. ಅದೇ ವೇಣು. ಕಥೆ ಅಷ್ಟು ದೊಡ್ಡದೇನಲ್ಲ. ಹಳ್ಳಿಯ ಅಜ್ಜನೊಬ್ಬ ಸಾಯುತ್ತಾನೆ. ಮಕ್ಕಳು, ಅಳಿಯ, ಮೊಮ್ಮಕ್ಕಳು ಹಳೆಯ ಹಗೆ ಹೊತ್ತುಕೊಂಡು ಬಂದು ಸೇರುತ್ತಾರೆ. ಪಿಂಡ ಇಟ್ಟರೆ ಕಾಗೆ ಮುಟ್ಟುವುದಿಲ್ಲ. ಮೂರನೇ ದಿನ ಮುಟ್ಟುವುದಿಲ್ಲ, ಐದನೇ ದಿನವೂ ಇಲ್ಲ. ಅಜ್ಜನಿಗೆ ಏನು ಕೊರತೆ ಉಳಿಯಿತು ಅಂತ ಹುಡುಕುವುದೇ ಸಿನಿಮಾ. ಸಾವಿನ ಮನೆಯಲ್ಲಿ ಮಟನ್ ಮೂಳೆಗೆ ನಡೆಯುವ ಜಗಳಕ್ಕೆ ನಗು ಬರುತ್ತದೆ, ಅದೇ ಮೂಳೆ ಗಂಟಲಲ್ಲಿ ಸಿಕ್ಕ ಹಾಗೂ ಆಗುತ್ತದೆ. ಎಲ್ಲ ತೆಲಂಗಾಣದ ಹಳ್ಳಿಮಾತು, ನಾಯಕನಿಂದ ಹಿಡಿದು ಎಲ್ಲರಿಗೂ. ಕೊನೆಯಲ್ಲಿ ಬುಡ್ಗ ಜಂಗಮ ಕಲಾವಿದರು, ಮೊಗಿಲಯ್ಯ ಮತ್ತು ಕೊಮುರಮ್ಮ ದಂಪತಿ, ಸತ್ತವನ ಪರವಾಗಿ ಹಾಡುತ್ತಾರೆ. ಈ ಬುಡ್ಗ ಜಂಗಮರು ನಮ್ಮ ಕಡೆಗೂ ಇದ್ದಾರೆ. ಆ ಮೊಗಿಲಯ್ಯ 2024ರ ಡಿಸೆಂಬರಿನಲ್ಲಿ ತೀರಿಕೊಂಡರು.

ಸಿನಿಮಾ ಥೇಟರಿನಲ್ಲಿ ಓಡಿದ್ದು ಒಂದು ಕಥೆಯಾದರೆ, ಆಮೇಲೆ ನಡೆದದ್ದು ಇನ್ನೊಂದು. ತೆಲಂಗಾಣದ ಹಳ್ಳಿಗಳಲ್ಲಿ ಪಂಚಾಯ್ತಿ ಕಟ್ಟೆಯ ಮುಂದೆ, ಶಾಲೆಯ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ ರಾತ್ರಿ ಹೊತ್ತು ಊರಿಗೆ ಊರೇ ಕೂತು ನೋಡತೊಡಗಿತು. ಚಾಪೆ, ಗೋಣಿಚೀಲ, ಟ್ರ್ಯಾಕ್ಟರಿನ ಟ್ರಾಲಿ ಎಲ್ಲವೂ ಆಸನವೇ. ಕೊನೆಯ ಹಾಡಿನ ಹೊತ್ತಿಗೆ ಜನ ಬಿಕ್ಕಿ ಬಿಕ್ಕಿ ಅಳುವ ದೃಶ್ಯಗಳು ಪತ್ರಿಕೆಗಳಲ್ಲಿ ಬಂದವು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ತಮ್ಮಂದಿರು ಸಿನಿಮಾ ನೋಡಿ ಒಂದಾದ ಸುದ್ದಿಗಳೂ ಬಂದವು. ಇಂಥ ಸುದ್ದಿಗಳಲ್ಲಿ ಎಷ್ಟು ದಿನ ಒಂದಾಗಿದ್ದರು ಅನ್ನುವುದನ್ನು ಯಾರೂ ಬರೆಯುವುದಿಲ್ಲ, ಆದರೂ. ಬಯಲಿನಲ್ಲಿ ಪಕ್ಕದವನ ಮುಖ ಕಾಣುತ್ತದೆ. ಅವನ ಪರವಾಗಿ ಅಳುವುದಕ್ಕೆ ಅಲ್ಲಿ ಯಾವ ಕುರ್ಚಿಯನ್ನೂ ಹಾಕಿರಲಿಲ್ಲ.

ಅತ್ತೆ ಅದನ್ನು ನೋಡಿದ್ದು ಮನೆಯಲ್ಲಿ, ಮೊಮ್ಮಗನ ಲ್ಯಾಪ್‌ಟಾಪಿನಲ್ಲಿ. ಮಾಮಾ ತೀರಿಕೊಂಡು ಮೊದಲ ವರ್ಷಾಬ್ದಿಕ ಮುಗಿದಿತ್ತು. ಗುರುವಾರದ ಕೂಟ ನಿಂತುಹೋಗಿತ್ತು. ಮೊಮ್ಮಕ್ಕಳು ತಮ್ಮ ತಮ್ಮ ಫೋನಿನಲ್ಲಿ ಸ್ಕಿಟ್ಟಿನ ಅರ್ಧ ನಿಮಿಷದ ತುಂಡುಗಳನ್ನು ನೋಡಿ ಕಿವಿಗೆ ಸಿಕ್ಕಿಸಿಕೊಂಡ ನಗುವನ್ನು ಒಬ್ಬೊಬ್ಬರೇ ನಗುತ್ತಿದ್ದರು. ಮಹಡಿ ಮೇಲಿನವರು ಮನೆ ಬದಲಿಸಿದ್ದರು. ತೆಲುಗು ತಿಳಿಯಲಿಕ್ಕಿಲ್ಲ, ಹೇಳುತ್ತಾ ಹೋಗಲೇ ಅಂತ ನಾನು ಪಕ್ಕದಲ್ಲಿ ಕೂತೆ. ಕಾಗೆ ಮೊದಲ ಸಲ ಪಿಂಡ ಬಿಟ್ಟು ಹಾರಿದಾಗ ಅತ್ತೆ ಕೈಯೆತ್ತಿ ನನ್ನನ್ನು ಸುಮ್ಮನಿರಿಸಿದಳು. ಆಮೇಲೆ ಕೊನೆಯ ತನಕ ನನ್ನ ಅಗತ್ಯ ಬೀಳಲಿಲ್ಲ.

ಮುಗಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಸರುಗಳು ಓಡುತ್ತಿದ್ದವು.

“ಇದನ್ನ ಮಾಡಿದಾಂವ ಯಾರು?”

“ವೇಣು ಅಂತ. ಜಬರ್ದಸ್ತಿನ್ಯಾಗ ಬರತಿದ್ದನಲ್ಲ, ಮೊದಲನೇ ವರ್ಷದಾಗ.”

“ಹೊಡತ ತಿಂದಾಂವ?”

“ಹೂಂ, ಅವನೇ.”

“ಯಾಕ ಹೊಡದಿದ್ರೋ ಅವಗ?”

ಹೇಳಿದೆ. ಕಳ್ಳಿಳಿಸುವವರು, ಸ್ಕಿಟ್ಟು, ಫಿಲ್ಮ್‌ನಗರ. ಅತ್ತೆ ಅಡಕೆ ಡಬ್ಬಿಯ ಮುಚ್ಚಳ ತೆಗೆದು, ಏನೂ ತಗೊಳ್ಳದೆ ಮತ್ತೆ ಮುಚ್ಚಿದಳು.

“ಅದನ್ನ ನಾವೂ ನೋಡಿರಬೇಕಲ್ಲೋ ತಮ್ಮಾ. ಗುರುವಾರ ಒಂದೂ ಬಿಡ್ತಿದ್ದಿಲ್ಲ. ಅವತ್ತ ನಕ್ಕಿದ್ವಿ ಏನು ನಾವು?”

ನೆನಪು ಮಾಡಿಕೊಳ್ಳಲು ನೋಡಿದೆ. ರೋಜಾ ನಕ್ಕಿದ್ದು ನೆನಪಿತ್ತು.